ಕೆಳಗಿನ ಬಂಕಿನ ಕಂಪ್ಯೂಟರು

ಮೊದಲು ಬಂದದ್ದು ಖಾಲಿ ಡಬ್ಬಿ.
ಎಪ್ಪತ್ತೈದು ದಿರಂ, ಒಂದು ಬದಿಗೆ ಗಾಜು.
ಮೂರು ತಿಂಗಳು ಅದರೊಳಗೆ
ಬನಿಯನು, ಸಾಕ್ಸು, ಪಾಸ್‌ಪೋರ್ಟಿನ ನಕಲು
ಮಡಚಿಟ್ಟುಕೊಂಡಿದ್ದೆ.
ರೋಲಾದ ಈ ರೂಮಿನಲ್ಲಿ ಆರು ಮಂದಿಗೆ ಒಂದೇ ಕಪಾಟು;
ಗಾಜಿನ ಕಪಾಟಿದ್ದವ ನಾನೊಬ್ಬನೇ.

ಲೆಕ್ಕ ಬರೆದದ್ದು ಲಾಂಡ್ರಿ ಚೀಟಿಯ ಬೆನ್ನಿಗೆ.
ಪ್ರೊಸೆಸರಿಗೆ ಇಷ್ಟು, ಮದರ್‌ಬೋರ್ಡಿಗೆ ಇಷ್ಟು,
ರ‍್ಯಾಮು ಹದಿನಾರು, ಹೊಡೆದು ಹಾಕಿ ಎಂಟು,
ಎಂಟನ್ನೂ ಹೊಡೆದು ಮತ್ತೆ ಹದಿನಾರು.
ನಡುವೆ ಊರಿಗೆ ಕಳಿಸುವ ದುಡ್ಡಿನ ಸಾಲು.
ಅದನ್ನು ಮಾತ್ರ ಪೆನ್ನಿನಲ್ಲಿ ಬರೆದಿದ್ದೆ,
ಉಳಿದದ್ದೆಲ್ಲ ಪೆನ್ಸಿಲ್ಲು.

ಪವರ್ ಸಪ್ಲೈಗೆ ಜಿಪುಣತನ ಮಾಡಬೇಡ ಎಂದ
ಹಳೇ ಸಾಮಾನಿನ ಅಂಗಡಿಯ ಗುಲ್‌ಜಮಾನ್.
ಹೊಟ್ಟೆ ಕೆಟ್ಟವನಿಗೆ
ಮಿದುಳು ಎಷ್ಟಿದ್ದರೇನು, ಬೇಟಾ?
ಅದನ್ನು ಹೊಸದೇ ಕೊಂಡೆ.
ಗ್ರಾಫಿಕ್ಸ್ ಕಾರ್ಡು ಮಾತ್ರ ಅವನದೇ, ಸೆಕೆಂಡ್ ಹ್ಯಾಂಡು:
ಯಾರೋ ಹಗಲೂ ರಾತ್ರಿ ದುಡಿಸಿ ಬಿಸಾಡಿದ್ದು,
ಎರಡರಲ್ಲಿ ಒಂದು ಫ್ಯಾನು ಕುಂಟು.
ರೆಕ್ಕೆಗಳ ಸಂದಿಯ ಮರಳನ್ನು
ಹಲ್ಲುಜ್ಜುವ ಬ್ರಶ್ಶಿನಿಂದ ತೆಗೆಯುತ್ತ
ಅದರ ಹತ್ತಿರ ಒಂದೆರಡು ಮಾತಾಡಿದೆ,
ಸುಳ್ಳು ಯಾಕೆ ಹೇಳಲಿ.

ಆದಿತ್ಯವಾರ ಮಧ್ಯಾಹ್ನ
ಊಟದ ಸುಪ್ರವನ್ನೇ ನೆಲಕ್ಕೆ ಹಾಸಿ,
ಮಂಚದ ಕಬ್ಬಿಣ ಮುಟ್ಟಿ ಮುಟ್ಟಿ
ಮೈಯ ಕರೆಂಟು ಇಳಿಸಿಕೊಳ್ಳುತ್ತ ಕೂತೆ.
ಸುತ್ತ ನಾಲ್ಕು ಜೊತೆ ಕಣ್ಣು.
ಪ್ರೊಸೆಸರಿನ ಪೇಸ್ಟು ಕಡಲೆಯಷ್ಟು ಸಾಕು,
ಸವರಬೇಡ, ಒತ್ತಿದರೆ ತಾನೇ ಹರಡುತ್ತದೆ,
ಎಂದ ವಲೇರಿಯನ್, ಬೇಕರಿಯಲ್ಲಿ ಐಸಿಂಗ್ ಹಾಕುವವ.
ಎಸಿ ಮೆಕ್ಯಾನಿಕ್ ಜಿನ್ನಪ್ಪ ಬಾಯಿ ಬಿಡಲಿಲ್ಲ,
ನಾನು ಹಿಂದುಮುಂದಾಗಿ ಕೂರಿಸಿದ್ದ ಫ್ಯಾನನ್ನು
ಬಿಚ್ಚಿ, ತಿರುಗಿಸಿ, ಕೈಗೆ ಕೊಟ್ಟ.

ಸ್ವಿಚ್ಚು ಒತ್ತಿದೆ.
ಫ್ಯಾನು ತಿರುಗಿತು, ಕೆಂಪು ದೀಪ ಹತ್ತಿತು,
ಪರದೆ ಕಪ್ಪು.
ಆರಿಸಿ ಒತ್ತಿದೆ. ಕಪ್ಪು.
ಒಂಬೈನೂರು ದಿರಂ ಗಾಜಿನೊಳಗೆ ಗಿರಗಿರ ತಿರುಗುತ್ತಿತ್ತು.

ಸಂಜೆ ಪಕೀರಬ್ಬ ಬಂದರು,
ಗುವೈಫಾತ್ ಗಡಿಯಿಂದ ಟ್ರೈಲರ್ ಹೊಡೆದುಕೊಂಡು.
ಮುಖ ತೊಳೆಯದೆ ಬಗ್ಗಿ ನೋಡಿ ಕೇಳಿದರು:
ಕೊಂಡಿ ಕೂತ ಸದ್ದು ಕೇಳಿದೆಯಾ?
ಯಾವ ಕೊಂಡಿ?
ಯಾವುದಾದರೂ. ಕೂತರೆ ಸದ್ದು ಬರಬೇಕು,
ಇಲ್ಲದಿದ್ದರೆ ಟ್ರೈಲರ್ ದಾರಿಯಲ್ಲೇ ಉಳಿಯುತ್ತದೆ.
ವಯರು ಕಳಚಿಸಿ, ನನ್ನ ಹೆಬ್ಬೆರಳಿನ ಮೇಲೆ
ತಮ್ಮ ಹೆಬ್ಬೆರಳಿಟ್ಟು ರ‍್ಯಾಮು ಒತ್ತಿದರು.
ಟಕ್.

ಈಗ ಗೋಡೆಯ ಮೇಲೆ ಟೈಮ್‌ಟೇಬಲ್ ಇದೆ.
ಕರೆಂಟಿಗೆಂದು ತಿಂಗಳಿಗೆ ಇಪ್ಪತ್ತು ದಿರಂ ಹೆಚ್ಚು ಕೊಡುತ್ತೇನೆ.
ಹಗಲೆಲ್ಲ ಬೋರ್ಡಿನಂಗಡಿಯಲ್ಲಿ
ಓದಲು ಬಾರದ ಅರಬಿಯನ್ನು
ಬಲದಿಂದ ಎಡಕ್ಕೆ ಕತ್ತರಿಸುವ ನಾನು
ಹತ್ತರ ಮೇಲೆ ಇಲ್ಲಿ ಕೂತು
ಕನ್ನಡಕ್ಕೊಂದು ಫಾಂಟು ಬಿಡಿಸುತ್ತೇನೆ.
ಒಂದು ವಾರ ತಲಕಟ್ಟಿಗೇ ಹೋಯಿತು.
‘ಳ’ದ ಸುರುಳಿ ಇನ್ನೂ ಬಗ್ಗುತ್ತಿಲ್ಲ.

ಒಂಬತ್ತರಿಂದ ಹತ್ತು ಪಕೀರಬ್ಬರ ಸರದಿ.
ಹದಿನಾಲ್ಕು ಗಂಟೆ ಲಾರಿ ಬಿಟ್ಟು ಬಂದವರು
ಆಡುವುದು ಲಾರಿಯ ಆಟವನ್ನೇ.
ನಾವು ನಕ್ಕೆವು. ಅವರಿಗೆ ಅದು ಕೇಳಿಸಲಿಲ್ಲ.
ನೊಣವೂ ಇಲ್ಲದ ತಿರುವಿನಲ್ಲಿ ಇಂಡಿಕೇಟರ್ ಹಾಕುತ್ತಾರೆ,
ಕೆಂಪು ದೀಪಕ್ಕೆ ನಿಲ್ಲುತ್ತಾರೆ,
ಚಡಾವಿನಲ್ಲಿ ನಿಧಾನ: ನಿನ್ನ ಕುಂಟನಿಗೆ ಬಿಸಿಯಾದೀತು.
ನಾರ್ವೆಯ ಘಾಟಿ ಹತ್ತಿ
ಲಾರಿಯನ್ನು ಬದಿಗೆ ಹಾಕಿ, ಕೈಕಟ್ಟಿ,
ಹಿಮ ಬೀಳುವುದನ್ನು ನೋಡುತ್ತಾರೆ.
ಹೊರಗೆ ರಾತ್ರಿಯಲ್ಲೂ ಮೂವತ್ತೆಂಟು ಡಿಗ್ರಿ.

ನಿನ್ನೆ ಕೇಳಿದರು:
ಇದರ ಮುಂದುಗಡೆ ಹೆಸರು ಬರೆಯಲಾಗುತ್ತದಾ?
ನಿಜದ ಲಾರಿಯಲ್ಲಿ ಕಂಪನಿಯದ್ದು ಮಾತ್ರ ಬಿಡುವುದು.
ಪುಣ್ಯಕ್ಕೆ ಅವರ ಹೆಸರಿನಲ್ಲಿ ‘ಳ’ ಇಲ್ಲ.
ಹನ್ನೆರಡರವರೆಗೆ ಕೂತು
ನನ್ನದೇ ಅಕ್ಷರದಲ್ಲಿ ಬರೆದು ಅಂಟಿಸಿದೆ.
ಕೊನೆಯ ‘ಬ್ಬ’ದ ಒತ್ತು
ಸ್ವಲ್ಪ ಬಂಪರಿಗೆ ತಾಗುತ್ತದೆ.
ಇರಲಿ ಎಂದರು.